ಕೊಠಡಿಯ ಉಷ್ಣತೆಯಲ್ಲಿ ಕಂಡ ಪುಟ್ಟ ಲೂಪ್: ಅದು ಮಾದರಿಯದೇ, ಕಲ್ಮಶದ್ದೇ?

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರ ಕಾಂತೀಯ ವಸ್ತುಗಳ ಸಂಶೋಧನಾ ಗುಂಪಿನಲ್ಲಿ ಮೂರನೇ ವರ್ಷದ ಪಿಎಚ್‌ಡಿ ವಿದ್ಯಾರ್ಥಿನಿ. ಶೇ 3ರಷ್ಟು ಮ್ಯಾಂಗನೀಸ್ ಬೆರೆಸಿದ ಜಿಂಕ್ ಆಕ್ಸೈಡ್ ಪುಡಿಯನ್ನು ಸೋಲ್-ಜೆಲ್ ವಿಧಾನದಲ್ಲಿ (ದ್ರಾವಣವನ್ನು ಜೆಲ್ ಮಾಡಿ ಕಾಯಿಸಿ) ತಯಾರಿಸಿ, ಅದರ 40 ಮಿಲಿಗ್ರಾಂನಷ್ಟನ್ನು ಸ್ಕ್ವಿಡ್ ಮ್ಯಾಗ್ನೆಟೋಮೀಟರಿನಲ್ಲಿ (ಅತಿ ಸಣ್ಣ ಕಾಂತತೆಯನ್ನೂ ಅಳೆಯುವ ಉಪಕರಣ) ಅಳೆದಾಗ 300 ಕೆಲ್ವಿನ್‌ನಲ್ಲೇ ಸಣ್ಣ ಹಿಸ್ಟರಿಸಿಸ್ ಲೂಪ್ (ಕ್ಷೇತ್ರವನ್ನು ಏರಿಸಿ ಇಳಿಸಿದಾಗ ಕಾಂತತೆ ಬೇರೆ ಹಾದಿಯಲ್ಲಿ ಮರಳುವ, ಫೆರೋಕಾಂತದ ಗುರುತಾದ ವಕ್ರ) ಕಾಣಿಸಿತು. ನೇರ ರೇಖೆಯ ಹಿನ್ನೆಲೆಯನ್ನು ಕಳೆದ ಮೇಲೆ ಅದರ ಎತ್ತರ ಗ್ರಾಂಗೆ 0.002 ಇಎಂಯು (ಕಾಂತೀಯ ಭ್ರಾಮಕದ ಮಾನ), ಕೋಯರ್ಸಿವಿಟಿ (ಕಾಂತತೆಯನ್ನು ಸೊನ್ನೆಗಿಳಿಸಲು ಬೇಕಾದ ವಿರುದ್ಧ ಕ್ಷೇತ್ರ) ಸುಮಾರು 120 ಓರ್ಸ್ಟೆಡ್ (ಕಾಂತಕ್ಷೇತ್ರದ ಮಾನ), 3000 ಓರ್ಸ್ಟೆಡ್ ಹೊತ್ತಿಗೆ ಲೂಪ್ ಸಂತೃಪ್ತವಾಗುತ್ತದೆ. 10 ಕೆಲ್ವಿನ್‌ನಲ್ಲಿಯೂ ಎತ್ತರ ಹೆಚ್ಚುಕಡಿಮೆ ಅಷ್ಟೇ ಇದೆ. ಎಕ್ಸ್‌ಆರ್‌ಡಿಯಲ್ಲಿ (ಹರಳಿನ ರಚನೆ ತೋರುವ ಎಕ್ಸ್-ಕಿರಣ ವಿವರ್ತನೆಯಲ್ಲಿ) ಜಿಂಕ್ ಆಕ್ಸೈಡಿನದಲ್ಲದೆ ಬೇರೆ ಗೆರೆಗಳಿಲ್ಲ. ನಿರ್ವಾತದಲ್ಲಿ ಅನೀಲ್ ಮಾಡಿದರೆ (ಕಾಯಿಸಿ ತಣಿಸಿದರೆ) ಸಂಕೇತ ಹೆಚ್ಚುತ್ತದೆ, ಆಮ್ಲಜನಕದಲ್ಲಿ ಮಾಡಿದರೆ ತಗ್ಗುತ್ತದೆ. ಮೂರು ಬ್ಯಾಚ್‌ಗಳಲ್ಲೂ ಇದೇ ಫಲಿತಾಂಶ. ಆಮ್ಲಜನಕದ ಖಾಲಿಸ್ಥಾನಗಳಿಂದ (ಹರಳಿನಲ್ಲಿ ಆಮ್ಲಜನಕ ಪರಮಾಣು ಇಲ್ಲದ ಜಾಗಗಳಿಂದ) ಹುಟ್ಟಿದ ಫೆರೋಕಾಂತತ್ವವೆಂದು ಲೇಖನ ಬರೆಯಲು ಮಾರ್ಗದರ್ಶಕರು ಹೇಳಿದ್ದಾರೆ. ಆದರೆ ಮ್ಯಾಂಗನೀಸ್ ಬೆರೆಸದ ಜಿಂಕ್ ಆಕ್ಸೈಡಿನಲ್ಲೂ ಇದರ ಮೂರನೇ ಒಂದು ಪಾಲಿನಷ್ಟು ಸಂಕೇತ ಬರುತ್ತಿರುವುದು ನನ್ನನ್ನು ಕಾಡುತ್ತಿದೆ. ನನ್ನ ಮಹಾಪ್ರಬಂಧದ ಒಂದು ಅಧ್ಯಾಯವೇ ಇದರ ಮೇಲೆ ನಿಂತಿದೆ. ಕಲ್ಮಶದ ಮಾತೆತ್ತಿದರೆ ಗುಂಪಿನಲ್ಲಿ ಅವಿಧೇಯತೆ ಎನಿಸೀತೇ ಎಂಬ ಅಳುಕೂ ಇದೆ. ನಾನೇನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಈ ಲೂಪ್ ಯಾರದ್ದು ಎಂಬುದು ಒಂದು, ಅದನ್ನು ಗುಂಪಿನಲ್ಲಿ ಹೇಗೆ ಹೇಳುವುದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಂಕಿಗಳಲ್ಲಿ ಉತ್ತರ ಸಿಕ್ಕಿದರೆ ಎರಡನೆಯದರ ಭಾರ ಬಹಳಷ್ಟು ಇಳಿಯುತ್ತದೆ. ಆದ್ದರಿಂದ ಅಂಕಿಗಳಿಂದಲೇ ಆರಂಭಿಸುತ್ತೇನೆ.

ಉಪಕರಣ ಸುಳ್ಳು ಹೇಳುತ್ತಿದೆ ಎಂದು ನಾನು ಭಾವಿಸುವುದಿಲ್ಲ. 300 ಕೆಲ್ವಿನ್‌ನಲ್ಲಿ ನೀವು ಕಂಡ ಲೂಪ್ ಬಹುಶಃ ನಿಜವಾದ ಫೆರೋಕಾಂತ ವಸ್ತುವೊಂದರದ್ದೇ. ಆ ವಸ್ತು ಎಷ್ಟಿದ್ದರೆ ಸಾಕು ಎಂಬುದನ್ನು ಲೆಕ್ಕ ಹಾಕಬೇಕು. ಗ್ರಾಂಗೆ 0.002 ಇಎಂಯು ಎಂದರೆ ನಿಮ್ಮ 40 ಮಿಲಿಗ್ರಾಂ ಪುಡಿಯ ಒಟ್ಟು ಕಾಂತೀಯ ಭ್ರಾಮಕ 0.00008 ಇಎಂಯು. ಲೋಹರೂಪದ ಕಬ್ಬಿಣದ ಸಂತೃಪ್ತ ಕಾಂತತೆ ಗ್ರಾಂಗೆ ಸುಮಾರು 218 ಇಎಂಯು. ಭಾಗಿಸಿದರೆ ಬರುವುದು 0.37 ಮೈಕ್ರೋಗ್ರಾಂ, ಅಂದರೆ ಒಂದೊಂದು ಬದಿಯೂ 36 ಮೈಕ್ರೋಮೀಟರ್‌ನಷ್ಟಿರುವ, ಬರಿಗಣ್ಣಿಗೆ ಬೀಳುವುದೇ ಕಷ್ಟವಾದ ಒಂದೇ ಒಂದು ಕಣ. ಅದು ಲೋಹವಾಗಿರದೆ ಮ್ಯಾಗ್ನೆಟೈಟ್ ಆಗಿದ್ದರೆ, ಅದರ ಕಾಂತತೆ ಗ್ರಾಂಗೆ ಸುಮಾರು 92 ಇಎಂಯು ಆದ್ದರಿಂದ, 0.9 ಮೈಕ್ರೋಗ್ರಾಂ ಬೇಕಾಗುತ್ತದೆ. ಸ್ಕ್ವಿಡ್ ಒಂದು ಇಎಂಯುವಿನ ಹತ್ತು ಕೋಟಿಯಲ್ಲೊಂದು ಪಾಲಿನವರೆಗೂ ಅಳೆಯಬಲ್ಲದು. ಅದರ ಪಾಲಿಗೆ ನಿಮ್ಮ ಸಂಕೇತ ದೊಡ್ಡದೇ. ಆದರೆ ಪುಡಿಯ ತೂಕದ ಲೆಕ್ಕದಲ್ಲಿ ಅದಕ್ಕೆ ಬೇಕಾದ ಕಬ್ಬಿಣ ಹತ್ತು ಲಕ್ಷದಲ್ಲಿ ಸುಮಾರು ಒಂಬತ್ತು ಪಾಲು ಮಾತ್ರ. ಶೇ 99.9 ಶುದ್ಧತೆ ಎಂದು ಚೀಟಿ ಹಚ್ಚಿದ ರಾಸಾಯನಿಕದಲ್ಲಿ ಹತ್ತು ಲಕ್ಷಕ್ಕೆ ಒಂದು ಸಾವಿರ ಪಾಲಿನವರೆಗೆ ಬೇರೆ ಏನಾದರೂ ಇರಲು ಅವಕಾಶವಿದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇದೇ ಸಂಖ್ಯೆಯನ್ನು ಇನ್ನೊಂದು ಕಡೆಯಿಂದಲೂ ಪರೀಕ್ಷಿಸಬಹುದು, ಮತ್ತು ನನ್ನ ಮಟ್ಟಿಗೆ ಹೆಚ್ಚು ತೂಕವಿರುವ ಪರೀಕ್ಷೆ ಇದೇ. ಶೇ 3ರ ಬೆರಕೆಯಲ್ಲಿ ಒಂದು ಗ್ರಾಂ ಪುಡಿಯೊಳಗೆ ಸುಮಾರು 0.00037 ಮೋಲ್ ಮ್ಯಾಂಗನೀಸ್ ಇರುತ್ತದೆ. ನಿಮ್ಮ ಸಂತೃಪ್ತ ಕಾಂತತೆಯನ್ನು ಅಷ್ಟೂ ಮ್ಯಾಂಗನೀಸ್ ಪರಮಾಣುಗಳಿಗೆ ಹಂಚಿದರೆ ಪ್ರತಿಯೊಂದರ ಪಾಲಿಗೆ ಬರುವುದು 0.001 ಬೋರ್ ಮ್ಯಾಗ್ನೆಟಾನ್ (ಪರಮಾಣುವಿನ ಕಾಂತತೆಯ ಮಾನ). ದ್ವಿವೇಲೆನ್ಸಿ ಮ್ಯಾಂಗನೀಸ್ ಅಯಾನಿನಲ್ಲಿ ಐದು ಜೋಡಿಯಾಗದ ಎಲೆಕ್ಟ್ರಾನ್‌ಗಳಿರುವುದರಿಂದ, ಅವೆಲ್ಲ ಒಂದೇ ದಿಕ್ಕಿಗೆ ಸಾಲುಗೂಡಿದ್ದರೆ ಬರಬೇಕಾದದ್ದು 5 ಬೋರ್ ಮ್ಯಾಗ್ನೆಟಾನ್. ಅಂದರೆ ಐದು ಸಾವಿರದಲ್ಲಿ ಒಂದು ಮ್ಯಾಂಗನೀಸ್ ಮಾತ್ರ ಈ ಕ್ರಮದಲ್ಲಿ ಭಾಗಿಯಾಗಿದೆ, ಉಳಿದ 4999 ಸುಮ್ಮನಿವೆ ಎಂದು ನೀವು ಲೇಖನದಲ್ಲಿ ವಾದಿಸಬೇಕಾಗುತ್ತದೆ. ಇಡೀ ಹರಳಿನಲ್ಲಿ ಸಮನಾಗಿ ಹರಡಿದ ಫೆರೋಕಾಂತತ್ವ ಎಂಬ ಚಿತ್ರಕ್ಕೂ ಈ ಸಂಖ್ಯೆಗೂ ಹೊಂದಿಕೆಯಾಗುವುದಿಲ್ಲ. ಮ್ಯಾಂಗನೀಸ್ ಅಲ್ಲ, ಖಾಲಿಸ್ಥಾನಗಳೇ ಕಾಂತೀಯ ಎಂದು ವಾದವನ್ನು ಬದಲಿಸಿದರೆ ಆಗ ಮ್ಯಾಂಗನೀಸ್ ಬೆರೆಸಿದ್ದೇಕೆ, ಬೆರೆಸಿದಾಗ ಸಂಕೇತ ಮೂರು ಪಟ್ಟಾದದ್ದೇಕೆ ಎಂದು ಕೇಳುವವರು ಕೇಳುತ್ತಾರೆ.

ಈಗ ನಿಮ್ಮ ಮಾರ್ಗದರ್ಶಕರು ಆಧಾರವಾಗಿ ಇಟ್ಟುಕೊಂಡಿರಬಹುದಾದ ಸಾಕ್ಷ್ಯಗಳನ್ನು ನೋಡೋಣ. ಇವು ಈ ಕ್ಷೇತ್ರದ ಲೇಖನಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿವೆ. ಬಳಸಿದವರೆಲ್ಲ ಅಪ್ರಾಮಾಣಿಕರೆಂದು ನಾನು ಹೇಳುತ್ತಿಲ್ಲ.

ಎಕ್ಸ್‌ಆರ್‌ಡಿಯಲ್ಲಿ ಬೇರೆ ಗೆರೆಗಳಿಲ್ಲ ಎಂಬುದು ನಿಜವಾದರೂ ಇಲ್ಲಿ ಅದಕ್ಕೆ ಬೆಲೆಯಿಲ್ಲ. ಪ್ರಯೋಗಾಲಯದ ಸಾಮಾನ್ಯ ವಿವರ್ತನಾ ಯಂತ್ರ ಶೇ 1ರಿಂದ 2ಕ್ಕಿಂತ ಕಡಿಮೆ ಇರುವ ಎರಡನೇ ಹಂತವನ್ನು ತೋರಿಸುವುದು ಕಷ್ಟ. ಶೇ 1 ಎಂದರೆ ಹತ್ತು ಲಕ್ಷದಲ್ಲಿ ಹತ್ತು ಸಾವಿರ ಪಾಲು. ನಿಮ್ಮ ಲೂಪಿಗೆ ಬೇಕಾದದ್ದು ಒಂಬತ್ತು. ಸಾವಿರ ಪಟ್ಟು ಹೆಚ್ಚು ಕಬ್ಬಿಣವಿದ್ದರೂ ಅದರ ಕಣ್ಣಿಗೆ ಬೀಳದೇ ಹೋಗಬಹುದು. ಸ್ಕ್ವಿಡ್ ಕಂಡದ್ದನ್ನು ಎಕ್ಸ್‌ಆರ್‌ಡಿ ಕಾಣಲಿಲ್ಲ ಎಂಬುದರಿಂದ ತಿಳಿಯುವುದು ಎರಡು ಉಪಕರಣಗಳ ಸೂಕ್ಷ್ಮತೆಯ ಅಂತರ ಮಾತ್ರ.

ನಿರ್ವಾತ ಮತ್ತು ಆಮ್ಲಜನಕದ ಪ್ರಯೋಗವನ್ನು ಖಾಲಿಸ್ಥಾನಗಳ ಪರವಾದ ಗಟ್ಟಿ ಸಾಕ್ಷ್ಯವೆಂದು ಅನೇಕರು ನಂಬುತ್ತಾರೆ. ಆದರೆ ಕಬ್ಬಿಣದ ಕಲ್ಮಶವೂ ಹೀಗೆಯೇ ನಡೆದುಕೊಳ್ಳುತ್ತದೆ. ಹೆಮಟೈಟ್ ರೂಪದ ಕಬ್ಬಿಣದ ಆಕ್ಸೈಡ್ ಬಹಳ ದುರ್ಬಲವಾದ ಕಾಂತ, ಗ್ರಾಂಗೆ ಅರ್ಧ ಇಎಂಯುವಿಗೂ ಕಡಿಮೆ. ನಿರ್ವಾತದಲ್ಲಿ ಅಥವಾ ಹೈಡ್ರೋಜನ್ ಬೆರೆತ ಅನಿಲದಲ್ಲಿ ಕಾಯಿಸಿದಾಗ ಅದು ಆಮ್ಲಜನಕ ಕಳೆದುಕೊಂಡು ಮ್ಯಾಗ್ನೆಟೈಟ್ ಆಗಬಹುದು, ಸಾಕಷ್ಟು ಅಪಕರ್ಷಣೆಯಾದರೆ ಲೋಹವೂ ಆಗಬಹುದು. ಕಬ್ಬಿಣದ ಪ್ರಮಾಣ ಬದಲಾಗದೆಯೇ ಸಂಕೇತ ಇನ್ನೂರು ಪಟ್ಟು ಏರಲು ಅಷ್ಟು ಸಾಕು. ಮತ್ತೆ ಆಮ್ಲಜನಕದಲ್ಲಿ ಕಾಯಿಸಿದರೆ ಹಿಂದಿನ ರೂಪಕ್ಕೆ ಮರಳಿ ಸಂಕೇತ ಕುಸಿಯುತ್ತದೆ. ಖಾಲಿಸ್ಥಾನಗಳ ಸಿದ್ಧಾಂತವೂ ಕಲ್ಮಶದ ಸಿದ್ಧಾಂತವೂ ಒಂದೇ ಫಲಿತಾಂಶವನ್ನು ನುಡಿಯುವಾಗ ಆ ಪ್ರಯೋಗ ಇವೆರಡರ ನಡುವೆ ತೀರ್ಪು ಕೊಡಲಾರದು.

ಉಷ್ಣತೆಯೊಂದಿಗೆ ಸಂಕೇತ ಬದಲಾಗದಿರುವುದನ್ನು ದೃಢತೆಯ ಲಕ್ಷಣವೆಂದು ಬರೆಯುವ ವಾಡಿಕೆಯಿದೆ; ನನಗೆ ಅದು ಅನುಮಾನವನ್ನು ಹೆಚ್ಚಿಸುತ್ತದೆ. 10 ಕೆಲ್ವಿನ್‌ನಿಂದ 300 ಕೆಲ್ವಿನ್‌ವರೆಗೆ ಲೂಪಿನ ಎತ್ತರ ಕದಲುವುದಿಲ್ಲವೆಂದರೆ ಅದರ ಕ್ಯೂರಿ ಉಷ್ಣತೆ (ಫೆರೋಕಾಂತತ್ವ ಅಳಿಯುವ ಉಷ್ಣತೆ) ಕೊಠಡಿಯ ಉಷ್ಣತೆಗಿಂತ ಬಹಳ ಮೇಲಿರಬೇಕು. ಕಬ್ಬಿಣದ ಕ್ಯೂರಿ ಉಷ್ಣತೆ 1043 ಕೆಲ್ವಿನ್, ಮ್ಯಾಗ್ನೆಟೈಟಿನದು ಸುಮಾರು 850. ಮ್ಯಾಂಗನೀಸ್ ಬೆರೆಸಿದ ಗ್ಯಾಲಿಯಂ ಆರ್ಸೆನೈಡ್ ಈ ಬಗೆಯ ಅರೆವಾಹಕಗಳಲ್ಲಿ ಎಲ್ಲರೂ ಒಪ್ಪಿದ ನಿಜವಾದ ಫೆರೋಕಾಂತ. 1996ರಿಂದ ಅದನ್ನು ಎಷ್ಟೋ ಪ್ರಯೋಗಾಲಯಗಳು ಪರಿಷ್ಕರಿಸಿದರೂ ಅದರ ಕ್ಯೂರಿ ಉಷ್ಣತೆ 200 ಕೆಲ್ವಿನ್ ಆಸುಪಾಸಿನಲ್ಲೇ ನಿಂತಿದೆ. ಅದಕ್ಕಿಂತ ಕಡಿಮೆ ಮ್ಯಾಂಗನೀಸ್ ಇರುವ, ಸರಳವಾಗಿ ಬೇಯಿಸಿ ತೆಗೆದ ಪುಡಿಯೊಂದು ಅದನ್ನು ಬಹಳ ದೂರ ಮೀರಿಸುತ್ತದೆ ಎಂದರೆ ಒಪ್ಪಿಸುವ ಹೊಣೆ ಹೇಳುವವರ ಮೇಲಿರುತ್ತದೆ.

ಇದಲ್ಲದೆ ನಿಮ್ಮ 10 ಕೆಲ್ವಿನ್ ಮಾಪನವನ್ನೇ ನಾನು ನಂಬುವುದಿಲ್ಲ. ಕಾರಣ ಹಿನ್ನೆಲೆಯನ್ನು ಕಳೆದ ರೀತಿ. ಚದುರಿ ಕುಳಿತ ಮ್ಯಾಂಗನೀಸ್ ಅಯಾನುಗಳು ಪ್ಯಾರಾಕಾಂತೀಯ (ಕ್ಷೇತ್ರವಿದ್ದಾಗ ಮಾತ್ರ ಅದರ ದಿಕ್ಕಿಗೆ ಕಾಂತವಾಗುವಂಥವು), ಮತ್ತು ಉಷ್ಣತೆ ಇಳಿದಂತೆ ಅವುಗಳ ಪ್ರತಿಕ್ರಿಯೆ ಏರುತ್ತದೆ. ಅವುಗಳ ನಡುವೆ ಪರಸ್ಪರ ಪ್ರಭಾವವಿಲ್ಲವೆಂದು ಇಟ್ಟುಕೊಂಡು ಕ್ಯೂರಿ ನಿಯಮದಿಂದ ಲೆಕ್ಕ ಹಾಕಿದರೆ, 10 ಕೆಲ್ವಿನ್‌ನಲ್ಲಿ 10,000 ಓರ್ಸ್ಟೆಡ್ ಕ್ಷೇತ್ರಕ್ಕೆ ಈ ಪ್ಯಾರಾಕಾಂತತೆ ಗ್ರಾಂಗೆ ಸುಮಾರು 1.6 ಇಎಂಯು. ಅಂದರೆ 1.6ರಷ್ಟು ಎತ್ತರದ ರೇಖೆಯಿಂದ ನೀವು 0.002ನ್ನು ಹೆಕ್ಕಿ ತೆಗೆದಿದ್ದೀರಿ. ಆ ಉಷ್ಣತೆಯಲ್ಲಿ ಈ ರೇಖೆ ನೇರವೂ ಅಲ್ಲ. ಪ್ಯಾರಾಕಾಂತತೆ ಕ್ಷೇತ್ರದೊಂದಿಗೆ ಏರುವ ರೀತಿಯನ್ನು ಹೇಳುವ ಬ್ರಿಲ್ವಾಂ ಫಲನದ ಪ್ರಕಾರ ಆ ಕ್ಷೇತ್ರದ ಹೊತ್ತಿಗೆ ಅದು ಶೇ 1ರಷ್ಟು ಬಾಗಿರುತ್ತದೆ. 1.6ರಲ್ಲಿ ಶೇ 1 ಎಂದರೆ 0.016, ನಿಮ್ಮ ಇಡೀ ಲೂಪಿನ ಎಂಟು ಪಟ್ಟು. ಬಾಗಿದ ರೇಖೆಯ ಮೇಲ್ತುದಿಗೆ ನೇರ ರೇಖೆ ಹೊಂದಿಸಿ ಕಳೆದರೆ ಉಳಿಯುವ ಭಾಗ ಸಂತೃಪ್ತವಾದ ಫೆರೋಕಾಂತದ ಹಾಗೆಯೇ ಕಾಣುತ್ತದೆ, ಮಾದರಿಯಲ್ಲಿ ಫೆರೋಕಾಂತ ಲವಲೇಶವೂ ಇಲ್ಲದಿದ್ದರೂ. ಎಸ್ ಆಕಾರದ ವಕ್ರವೆಲ್ಲ ಫೆರೋಕಾಂತವಲ್ಲ ಎಂಬುದನ್ನು ನಮ್ಮಲ್ಲಿಗೆ ಮಾಪನಕ್ಕೆ ಬರುವ ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲ ದಿನವೇ ಹೇಳುತ್ತೇನೆ. ಕಳೆಯುವ ಮುನ್ನಿನ ಮೂಲ ದತ್ತಾಂಶವನ್ನು ನೋಡದೆ ಯಾವ ಲೂಪಿನ ಬಗೆಗೂ ಅಭಿಪ್ರಾಯ ಕೊಡುವುದಿಲ್ಲ.

ಅತಿವಾಹಕ ಅಯಸ್ಕಾಂತದ ಉಳಿಕೆ ಕ್ಷೇತ್ರವನ್ನೂ ಇಲ್ಲಿ ಗಮನಿಸಬೇಕು. ಹೆಚ್ಚಿನ ಕ್ಷೇತ್ರಕ್ಕೆ ಹೋಗಿ ಸೊನ್ನೆಗೆ ಮರಳಿದಾಗ ಪರದೆಯ ಮೇಲೆ ಸೊನ್ನೆ ಎಂದಿದ್ದರೂ ಸುರುಳಿಯೊಳಗೆ ಇಪ್ಪತ್ತು ಮೂವತ್ತು ಓರ್ಸ್ಟೆಡ್ ಉಳಿದಿರುವುದು ಸಾಮಾನ್ಯ, ಅದೂ ಬಹುಮಟ್ಟಿಗೆ ಹಿಂದಿನ ಕ್ಷೇತ್ರಕ್ಕೆ ವಿರುದ್ಧ ದಿಕ್ಕಿನಲ್ಲಿ. ಹೀಗಾಗಿ ಪ್ಯಾರಾಕಾಂತ ಮಾದರಿಯ ಲೂಪ್ ತಲೆಕೆಳಗಾಗಿಯೂ ಡಯಾಕಾಂತ (ಕ್ಷೇತ್ರಕ್ಕೆ ವಿರುದ್ಧವಾಗಿ ಕಾಂತವಾಗುವ) ಮಾದರಿಯ ಲೂಪ್ ಅಸಲಿ ಫೆರೋಕಾಂತದಂತೆಯೂ ತೋರುತ್ತದೆ. ನಿಮ್ಮ ಪುಡಿಗೆ 10 ಕೆಲ್ವಿನ್‌ನಲ್ಲಿ 20 ಓರ್ಸ್ಟೆಡ್ ತಪ್ಪಿದರೆ ಆಗುವ ವ್ಯತ್ಯಾಸ ಗ್ರಾಂಗೆ 0.003 ಇಎಂಯು, ಲೂಪಿಗಿಂತ ಹೆಚ್ಚು. 300 ಕೆಲ್ವಿನ್‌ನಲ್ಲಿ ಮಾತ್ರ ಇದು ಶೇ 5ರಷ್ಟೇ ಆಗುವುದರಿಂದ ಅಲ್ಲಿನ ಲೂಪನ್ನು ಉಪಕರಣದ ತಪ್ಪೆಂದು ತಳ್ಳಿಹಾಕಲಾಗದು. ಶುದ್ಧ ಪಲ್ಲಾಡಿಯಮ್ ತುಣುಕನ್ನು ಅದೇ ಕ್ರಮದಲ್ಲಿ ಅಳೆದರೆ ನಿಮ್ಮ ಯಂತ್ರದ ಉಳಿಕೆ ಕ್ಷೇತ್ರ ಎಷ್ಟೆಂದು ಗೊತ್ತಾಗುತ್ತದೆ. ಪಲ್ಲಾಡಿಯಮ್ ಪ್ಯಾರಾಕಾಂತೀಯ, ಅದರಲ್ಲಿ ಲೂಪ್ ಇರಬಾರದು, ಕಂಡರೆ ಅದು ಕ್ಷೇತ್ರದ ದೋಷ.

ಮೂರು ಬ್ಯಾಚ್‌ಗಳ ಮರುಕಳಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದೇ ಬಾಟಲಿ, ಅದೇ ಕುಲುಮೆ, ಅದೇ ಸ್ಪಾಚುಲಾ ಬಳಸಿದರೆ ಕಲ್ಮಶವೂ ಮರುಕಳಿಸುತ್ತದೆ.

ಈ ಎಚ್ಚರಿಕೆ ನನ್ನ ಸ್ವಭಾವದ ಸಂಶಯವಲ್ಲ, ಈ ಕ್ಷೇತ್ರ ಅನುಭವದಿಂದ ಕಲಿತದ್ದು. 2000ದಲ್ಲಿ ಭೌತವಿಜ್ಞಾನಿ ಡೀಟ್ಲ್ ಮತ್ತು ಸಹೋದ್ಯೋಗಿಗಳು ಮ್ಯಾಂಗನೀಸ್ ಬೆರೆಸಿದ ಜಿಂಕ್ ಆಕ್ಸೈಡ್ ಕೊಠಡಿಯ ಉಷ್ಣತೆಯನ್ನು ಮೀರಿಯೂ ಫೆರೋಕಾಂತವಾಗಿರಬಹುದೆಂದು ಲೆಕ್ಕ ಹಾಕಿ ತೋರಿಸಿದರು, ಮತ್ತು ಆ ಲೇಖನ ಇಂದಿಗೂ ಇಂಥ ಪ್ರತಿ ಲೇಖನದ ಮೊದಲ ಪುಟದಲ್ಲಿ ಉಲ್ಲೇಖವಾಗುತ್ತದೆ. ಆದರೆ ಆ ಲೆಕ್ಕದ ಷರತ್ತುಗಳನ್ನು ಓದುವವರು ಕಡಿಮೆ: ಶೇ 5ರಷ್ಟು ಮ್ಯಾಂಗನೀಸ್, ಜೊತೆಗೆ ಘನ ಸೆಂಟಿಮೀಟರಿಗೆ ಧನಾವೇಶದ ವಾಹಕಗಳಾದ ಹೋಲ್‌ಗಳು 10ರ 20ನೇ ಘಾತದ 3.5 ಪಟ್ಟು, ಅಂದರೆ ಪಿ-ಬಗೆಯ ವಸ್ತು. ಜಿಂಕ್ ಆಕ್ಸೈಡ್ ಸಹಜವಾಗಿ ಎನ್-ಬಗೆಯದು (ವಾಹಕಗಳು ಋಣಾವೇಶದ ಎಲೆಕ್ಟ್ರಾನುಗಳು); ಆಮ್ಲಜನಕ ತೆಗೆದಷ್ಟೂ ಅದು ಎನ್-ಬಗೆಯ ಕಡೆಗೇ ಹೋಗುತ್ತದೆ. ನಿಮ್ಮ ಪುಡಿಗೆ ಆ ಭವಿಷ್ಯವಾಣಿ ಅನ್ವಯಿಸುವುದೇ ಇಲ್ಲ. 2003ರಲ್ಲಿ ಮ್ಯಾಂಗನೀಸ್ ಬೆರೆಸಿದ ಜಿಂಕ್ ಆಕ್ಸೈಡಿನಲ್ಲಿ ಕೊಠಡಿಯ ಉಷ್ಣತೆಗಿಂತ ಮೇಲಿನ ಫೆರೋಕಾಂತತ್ವ ಕಂಡಿತೆಂಬ ವರದಿ ಬಂತು. ಮರುವರ್ಷವೇ ಮತ್ತೊಂದು ಗುಂಪು, ಕಡಿಮೆ ಉಷ್ಣತೆಯಲ್ಲಿ ತಯಾರಿಸಿದ ಇಂಥ ಮಾದರಿಗಳಲ್ಲಿ ಮ್ಯಾಂಗನೀಸ್ ಆಕ್ಸೈಡಿನೊಳಕ್ಕೆ ಜಿಂಕ್ ಸೇರಿ ಉಂಟಾದ ಅಸ್ಥಿರ ಹಂತವೊಂದು ಕಾರಣವೆಂದು ವಾದಿಸಿತು. 2004ರಲ್ಲಿ ಹಾಫ್ನಿಯಮ್ ಆಕ್ಸೈಡ್ ಪದರಗಳಲ್ಲಿ ಅನಿರೀಕ್ಷಿತ ಕಾಂತತ್ವ ಪ್ರಕಟವಾಯಿತು. 2005ರಲ್ಲಿ ಬೇರೆ ಗುಂಪೊಂದು ಎಚ್ಚರಿಕೆಯಿಂದ ತಯಾರಿಸಿದ ಅಂಥ ಪದರಗಳಲ್ಲಿ ಕಾಂತತ್ವವಿಲ್ಲವೆಂದೂ, ಸ್ಟೇನ್‌ಲೆಸ್ ಸ್ಟೀಲ್ ಚಿಮಟದಿಂದ ಹಿಡಿದಾಗ ಅದೇ ಬಗೆಯ ಸಂಕೇತ ಹುಟ್ಟುತ್ತದೆಂದೂ ತೋರಿಸಿತು. ಇಂಗಾಲದ ಸಿ-60 ಅಣುಗಳಿಂದಾದ ಅಯಸ್ಕಾಂತದ ಬಗ್ಗೆ 2001ರಲ್ಲಿ ಪ್ರಕಟವಾದ ಲೇಖನವನ್ನು 2006ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಈ ಲೇಖನಗಳು ಹೆಸರಾಂತ ಪತ್ರಿಕೆಗಳಲ್ಲಿ, ಪರಿಶೀಲಕರ ಕಣ್ಣು ದಾಟಿಯೇ ಬಂದಿದ್ದವು. ನಿಮ್ಮದೇ ಬಗೆಯ ಫಲಿತಾಂಶಗಳು ನೂರಾರು ಪ್ರಕಟವಾಗಿವೆ ಎಂಬುದು ನಿಮ್ಮ ಫಲಿತಾಂಶಕ್ಕೆ ರಕ್ಷಣೆಯಾಗುವುದಿಲ್ಲ.

ಹಾಗಾದರೆ ಕಬ್ಬಿಣ ಎಲ್ಲಿಂದ ಬಂದೀತು? ಸೋಲ್-ಜೆಲ್ ಹಾದಿಯಲ್ಲಿ ನಾನು ಮೊದಲು ನೋಡುವುದು ಕಾಂತೀಯ ಕಲಕುವ ಕಡ್ಡಿಯನ್ನು. ಅದರ ಟೆಫ್ಲಾನ್ ಹೊದಿಕೆ ಗೀರಿದ್ದರೆ ಒಳಗಿನ ಅಯಸ್ಕಾಂತ ನೇರವಾಗಿ ದ್ರಾವಣಕ್ಕೆ ತಾಗುತ್ತದೆ. ಗೀರದಿದ್ದರೂ ಹಿಂದಿನವರ ಕಬ್ಬಿಣದ, ಕೋಬಾಲ್ಟಿನ ಕಣಗಳು ಅದಕ್ಕೆ ಅಂಟಿಕೊಂಡು ಉಳಿದಿರುತ್ತವೆ. ಕಾಂತೀಯ ವಸ್ತುಗಳನ್ನೇ ತಯಾರಿಸುವ ಗುಂಪಿನಲ್ಲಿ ಈ ಅಪಾಯ ಬೇರೆಡೆಗಿಂತ ಹೆಚ್ಚು ಎಂಬುದನ್ನು ಗಮನಿಸಿ: ಪಕ್ಕದ ಮೇಜಿನಲ್ಲಿ ಯಾರೋ ಫೆರೈಟ್ ಅರೆಯುತ್ತಿದ್ದಾರೆ, ಅದೇ ಕುಲುಮೆಯಲ್ಲಿ ನಿನ್ನೆ ಅದೇ ಬೆಂದಿದೆ, ಅದೇ ಖಲ್ಲು ನಿಮ್ಮ ಕೈಗೂ ಬರುತ್ತದೆ. ಉಕ್ಕಿನ ಗುಂಡುಗಳ ಬಾಲ್ ಮಿಲ್ ಬಳಸಿದ್ದರೆ ಬೇರೆ ಮೂಲ ಹುಡುಕುವುದೇ ಬೇಡ. ಸ್ಟೇನ್‌ಲೆಸ್ ಸ್ಟೀಲ್ ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬ ನಂಬಿಕೆಯೂ ಅರೆಸತ್ಯ. 304 ದರ್ಜೆಯ ಉಕ್ಕು ಬಾಗಿಸಿ ಬಡಿದ ಜಾಗದಲ್ಲಿ ಮಾರ್ಟೆನ್ಸೈಟ್ ಎಂಬ ಬೇರೆ ಹರಳುರೂಪವಾಗಿ ಫೆರೋಕಾಂತವಾಗುತ್ತದೆ, ಮತ್ತು ಚಿಮಟದ ತುದಿ ಅಂಥ ಜಾಗವೇ. ಮಾದರಿಯನ್ನು ಕೂರಿಸುವ ಜಿಲೆಟಿನ್ ಕ್ಯಾಪ್ಸೂಲ್, ಪ್ಲಾಸ್ಟಿಕ್ ಕೊಳವೆ, ಕ್ಯಾಪ್ಟಾನ್ ಟೇಪುಗಳಲ್ಲೂ ಅಳೆಯಬಹುದಾದಷ್ಟು ಸಂಕೇತ ಇರುವುದುಂಟು. ಮ್ಯಾಂಗನೀಸ್ ಲವಣಗಳಲ್ಲಿ ಕಬ್ಬಿಣ ಸಾಮಾನ್ಯ ಕಲ್ಮಶ. ಬೆರೆಸಿದ ಪುಡಿಯಲ್ಲಿ ಸಂಕೇತ ಹೆಚ್ಚಿರುವುದಕ್ಕೆ ಅದೂ ಕಾರಣವಿರಬಹುದು. ದ್ರಾವಣದಲ್ಲಿ ಕರಗಿದ ಕಬ್ಬಿಣ ಜಿಂಕ್ ಫೆರೈಟ್ ಆಗಿಯೂ ಒಡಮೂಡಬಹುದು. ದೊಡ್ಡ ಹರಳಿನಲ್ಲಿ ಅದು ಕೊಠಡಿಯ ಉಷ್ಣತೆಯಲ್ಲಿ ನಿರುಪದ್ರವಿ, ನ್ಯಾನೋ ಗಾತ್ರದಲ್ಲಿ ಹಾಗಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಲೇಖನವನ್ನು ಈಗಿರುವಂತೆಯೇ ಕಳಿಸುವುದು ಒಂದು ದಾರಿ, ಮತ್ತು ಅದು ಎಲ್ಲಿಯಾದರೂ ಸ್ವೀಕೃತವಾಗುವ ಸಾಧ್ಯತೆಯೂ ಚೆನ್ನಾಗಿಯೇ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ಅದರ ಅಪಾಯವಿರುವುದು ಮುಂದೆ. ಮಹಾಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ ಕಾಂತತ್ವ ಬಲ್ಲ ಒಬ್ಬ ಪರೀಕ್ಷಕರು ನಾನು ಮೇಲೆ ಮಾಡಿದ ಮೂರು ಸಾಲಿನ ಲೆಕ್ಕವನ್ನು ಹಲಗೆಯ ಮೇಲೆ ಮಾಡಲು ಹೇಳಿದರೆ, ಉತ್ತರಿಸಬೇಕಾದವರು ಮಾರ್ಗದರ್ಶಕರಲ್ಲ, ನೀವು. ಬೆರಕೆಯಿಲ್ಲದ ಪುಡಿಯಲ್ಲಿ ಬಂದ ಸಂಕೇತವನ್ನು ಲೇಖನದಲ್ಲಿ ಹೇಳದೆ ಬಿಟ್ಟರಂತೂ ಅದು ಅಭಿಪ್ರಾಯಭೇದದ ಮಾತಾಗಿ ಉಳಿಯುವುದಿಲ್ಲ, ಮುಚ್ಚಿಟ್ಟ ದತ್ತಾಂಶವಾಗುತ್ತದೆ. ಹೇಗೇ ಬರೆಯಲಿ, ಅದನ್ನು ಬಿಡಬೇಡಿ.

ನಾನು ಸಲಹೆ ಮಾಡುವ ದಾರಿ, ಲೇಖನವನ್ನು ಕೆಲವು ವಾರ ತಡೆದು ನಿಯಂತ್ರಿತ ಪ್ರಯೋಗಗಳನ್ನು ಮಾಡುವುದು. ಇದರಲ್ಲಿ ಕಳೆದುಕೊಳ್ಳುವುದು ಸ್ಕ್ವಿಡ್ ಸಮಯ ಮತ್ತು ಹೀಲಿಯಂ. ಖಾಲಿ ಕ್ಯಾಪ್ಸೂಲನ್ನು, ಬಾಟಲಿಯಿಂದ ಪ್ಲಾಸ್ಟಿಕ್ ಚಮಚದಲ್ಲಿ ತೆಗೆದ ಕಚ್ಚಾ ಲವಣಗಳನ್ನು ಮೊದಲು ಅಳೆಯಿರಿ. ಬಳಿಕ ಇರುವ ಪುಡಿಯನ್ನೇ ನಾಲ್ಕು ಪಾಲು ಮಾಡಿ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಅಳೆದು ಗ್ರಾಂವಾರು ಹೋಲಿಸಿ. ವಸ್ತುವಿನ ಸ್ವಂತ ಗುಣವಾಗಿದ್ದರೆ ನಾಲ್ಕೂ ಒಂದೇ ಬರಬೇಕು. ಕೆಲವೇ ಕಣಗಳ ಕಿತಾಪತಿಯಾಗಿದ್ದರೆ ಅಂಕಿಗಳು ಚದುರುತ್ತವೆ. ಪುಡಿಯನ್ನು ಆಲ್ಕೋಹಾಲಿನಲ್ಲಿ ಚೆದುರಿಸಿ, ಸೀಸೆಯ ಹೊರಗೋಡೆಗೆ ಬಲವಾದ ನಿಯೋಡಿಮಿಯಮ್ ಅಯಸ್ಕಾಂತ ಹಿಡಿದು, ಅಂಟಿದ್ದನ್ನೂ ಉಳಿದದ್ದನ್ನೂ ಬೇರೆಬೇರೆ ಅಳೆಯುವುದು ಇನ್ನೂ ಸರಳ. ಸಂಕೇತವೆಲ್ಲ ಅಂಟಿದ ಭಾಗಕ್ಕೇ ಹೋದರೆ ವಿಚಾರಣೆ ಅಲ್ಲಿಗೇ ಮುಗಿಯಿತು. ಇವೆರಡೂ ಹೊಸ ಕಾಗದಪತ್ರವಿಲ್ಲದೆ ಒಂದು ವಾರದಲ್ಲಿ ಆಗುವ ಕೆಲಸ. ಒಂದು ಎಚ್ಚರಿಕೆ: ಮೇಲ್ಮೈ ಕಬ್ಬಿಣ ತೆಗೆಯಲು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯಿರಿ ಎಂದು ಯಾರಾದರೂ ಹೇಳಿಯಾರು. ನೀಲಮಣಿ ತಲಾಧಾರಕ್ಕೆ ಆ ಮಾತು ಸರಿ, ಜಿಂಕ್ ಆಕ್ಸೈಡ್ ಆಮ್ಲದಲ್ಲಿ ತಾನೇ ಕರಗಿಹೋಗುತ್ತದೆ.

ಆಮೇಲೆ ಹೊಸ ಗಾಜಿನ ಪಾತ್ರೆ, ಹೊಸ ಕಲಕುವ ಕಡ್ಡಿ ಅಥವಾ ಕಾಂತರಹಿತ ಯಾಂತ್ರಿಕ ಕಲಕು, ಬೇರೆ ತಯಾರಕರ ಹೆಚ್ಚು ಶುದ್ಧವಾದ ಲವಣ, ಅಲ್ಯೂಮಿನಾ ಕ್ರೂಸಿಬಲ್, ಕಬ್ಬಿಣ ಕಾಣದ ಕುಲುಮೆ ಇವುಗಳಿಂದ ಒಂದು ಬ್ಯಾಚ್ ತಯಾರಿಸಿ ಹೋಲಿಸಿ. ರಾಸಾಯನಿಕ ವಿಶ್ಲೇಷಣೆಗೆ ಐಸಿಪಿ-ಎಂಎಸ್ (ಕರಗಿಸಿದ ಮಾದರಿಯ ಧಾತುಗಳನ್ನು ಅತಿ ಸಣ್ಣ ಪ್ರಮಾಣದಲ್ಲೂ ಅಳೆಯುವ ವಿಧಾನ) ಒಳ್ಳೆಯದು, ಆದರೆ ಅದರ ತೀರ್ಪು ಏಕಮುಖ. ಪುಡಿಯ ಒಟ್ಟು ಕಬ್ಬಿಣ, ಕೋಬಾಲ್ಟ್, ನಿಕಲ್ ಲೂಪಿಗೆ ಬೇಕಾದ ಪ್ರಮಾಣಕ್ಕಿಂತ ಸ್ಪಷ್ಟವಾಗಿ ಕಡಿಮೆಯಿದ್ದರೆ ಈ ಲೋಹಗಳ ಕಲ್ಮಶದ ಆರೋಪ ಬಿದ್ದುಹೋಗುತ್ತದೆ. ಹೆಚ್ಚಿದ್ದರೆ ಆರೋಪ ಸಾಬೀತಾದಂತಲ್ಲ, ಏಕೆಂದರೆ ಹರಳಿನಲ್ಲಿ ಬಿಡಿಬಿಡಿಯಾಗಿ ಕರಗಿದ ಕಬ್ಬಿಣ ಫೆರೋಕಾಂತವಾಗಬೇಕೆಂದಿಲ್ಲ. ಸ್ಕ್ವಿಡ್‌ನಲ್ಲಿ ಅಳೆದ ಅದೇ ಪುಡಿಯನ್ನೇ ಕೊನೆಗೆ ಕರಗಿಸಿ ಕಳಿಸಿ, ಬಾಟಲಿಯ ಬೇರೆ ಭಾಗವನ್ನಲ್ಲ. ಮಾಸ್‌ಬೌರ್ ರೋಹಿತದಿಂದ ಪರಿಹಾರವಾದೀತೆಂಬ ಆಸೆ ಬೇಡ. ಆ ವಿಧಾನಕ್ಕೆ ಕಾಣುವ ಕಬ್ಬಿಣ-57 ಐಸೊಟೋಪ್ ಸಹಜ ಕಬ್ಬಿಣದಲ್ಲಿ ಶೇ 2ರಷ್ಟೇ ಇರುವುದರಿಂದ ಹತ್ತು ಲಕ್ಷದಲ್ಲಿ ಒಂಬತ್ತು ಪಾಲು ಕಬ್ಬಿಣ ಅಲ್ಲಿ ಕಾಣಿಸುವುದಿಲ್ಲ.

ಮಾರ್ಗದರ್ಶಕರ ಬಳಿ ಇದನ್ನು ಅನುಮಾನವಾಗಿ ಹೇಳಬೇಡಿ, ಲೆಕ್ಕವಾಗಿ ತೋರಿಸಿ. ಲೇಖನ ಕಳಿಸಿದರೆ ಪರಿಶೀಲಕರು ಈ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಮುಂಚೆಯೇ ಖಾಲಿ ಕ್ಯಾಪ್ಸೂಲ್ ಮತ್ತು ನಾಲ್ಕು ಪಾಲಿನ ಮಾಪನ ಮಾಡಿಟ್ಟುಕೊಳ್ಳೋಣವೇ ಸರ್ ಎಂದು ಕೇಳಿದರೆ ಬೇಡ ಎನ್ನುವವರು ಕಡಿಮೆ. ಆಕ್ಷೇಪವೆತ್ತುವವರೂ ಅದಕ್ಕೆ ಸಿದ್ಧತೆ ಮಾಡುವವರೂ ಒಂದೇ ಕಡೆಯವರೆಂದು ಅವರಿಗೆ ಅನ್ನಿಸಬೇಕು. ಅವರು ಒಪ್ಪದಿದ್ದರೂ ಬೆರಕೆಯಿಲ್ಲದ ಪುಡಿಯ ದತ್ತಾಂಶವನ್ನೂ, ಕಳೆಯದ ಮೂಲ ಕಡತಗಳನ್ನೂ ದಿನಾಂಕದೊಂದಿಗೆ ನಿಮ್ಮ ಪ್ರಯೋಗ ಪುಸ್ತಕದಲ್ಲಿ ದಾಖಲಿಸಿಡಿ. ಅಷ್ಟರ ಮೇಲೂ ಅದನ್ನು ಬಿಟ್ಟು ಬರೆಯಲು ಒತ್ತಾಯ ಬಂದರೆ ನಿಮ್ಮ ಸಂಶೋಧನಾ ಸಮಿತಿಯ ಇನ್ನೊಬ್ಬ ಸದಸ್ಯರೊಡನೆ ಮಾತಾಡುವುದು ಅವಿಧೇಯತೆಯಲ್ಲ. ಸಮಿತಿ ಇರುವುದೇ ಅದಕ್ಕೆ. ಸಂಬಂಧ ಸ್ವಲ್ಪ ಬಿಗಿಯಾಗುವ ಅಪಾಯ ಅಲ್ಲಿ ಇದ್ದೇ ಇದೆ, ಇಲ್ಲವೆಂದು ನಾನು ಹೇಳಲಾರೆ.

ಕಲ್ಮಶವೇ ಎಂದು ತೀರ್ಮಾನವಾದರೆ ಅಧ್ಯಾಯ ಹೋಯಿತೆಂದು ತಿಳಿಯಬೇಡಿ. ನಿಮ್ಮ ಪುಡಿಯಲ್ಲಿ ಲೂಪಿಗಿಂತ ನೂರಾರು ಪಟ್ಟು ದೊಡ್ಡದಾದ, ಸಂದೇಹವಿಲ್ಲದ ಕಾಂತತೆಯೊಂದಿದೆ, ಅದನ್ನು ನೀವು ಹಿನ್ನೆಲೆ ಎಂದು ಕಳೆದು ಎಸೆದಿದ್ದೀರಿ. ಮ್ಯಾಂಗನೀಸಿನ ಪ್ಯಾರಾಕಾಂತತೆಯನ್ನು 2 ಕೆಲ್ವಿನ್‌ನಿಂದ 300ರವರೆಗೆ ಅಳೆದು ಕ್ಯೂರಿ-ವೈಸ್ ನಿಯಮಕ್ಕೆ ಹೊಂದಿಸಿದರೆ ಎಷ್ಟು ಅಯಾನುಗಳು ಒಂಟಿಯಾಗಿವೆ, ಎಷ್ಟು ನೆರೆಯ ಅಯಾನಿನೊಂದಿಗೆ ಪ್ರತಿಫೆರೋಕಾಂತೀಯವಾಗಿ (ಪರಸ್ಪರ ವಿರುದ್ಧ ದಿಕ್ಕಿನಲ್ಲಿ) ಜೋಡಿಯಾಗಿವೆ ಎಂಬುದು ತಿಳಿಯುತ್ತದೆ. ಇಪಿಆರ್ (ಜೋಡಿಯಾಗದ ಎಲೆಕ್ಟ್ರಾನುಗಳನ್ನು ಗುರುತಿಸುವ) ರೋಹಿತದಲ್ಲಿ ಮ್ಯಾಂಗನೀಸಿನ ಆರು ಗೆರೆಗಳು ಕಂಡರೆ ಅವು ಬಿಡಿ ಅಯಾನುಗಳ ಗುರುತು. ಬೆರಕೆ ಹೆಚ್ಚಿದಂತೆ ಆ ಗೆರೆಗಳು ಅಗಲವಾಗಿ ಒಂದರೊಳಗೊಂದು ಬೆರೆತುಹೋಗುವ ರೀತಿಯನ್ನೇ ಅಧ್ಯಯನ ಮಾಡಬಹುದು. 43 ಕೆಲ್ವಿನ್ ಆಸುಪಾಸಿನಲ್ಲಿ ಕಾಂತತೆ ಏಕಾಏಕಿ ಏರಿದರೆ ಮ್ಯಾಂಗನೀಸಿನ ಆಕ್ಸೈಡಾದ ಹೌಸ್‌ಮನೈಟ್ ಒಳಗಿದೆ ಎಂದರ್ಥ. ಇದು ಸುದ್ದಿಯಾಗುವ ಅಧ್ಯಾಯವಲ್ಲ, ಪ್ರಕಟಣೆಗೂ ಚಿಕ್ಕ ಪತ್ರಿಕೆಯೇ ಸಿಗಬಹುದು. ಆದರೆ ಮೌಖಿಕ ಪರೀಕ್ಷೆಯಲ್ಲಿ ಯಾರೂ ಅಲುಗಾಡಿಸಲಾರರು.

ಎಲ್ಲ ನಿಯಂತ್ರಣಗಳ ಬಳಿಕವೂ, ಶುದ್ಧ ಬ್ಯಾಚಿನಲ್ಲೂ, ನಾಲ್ಕು ಪಾಲುಗಳಲ್ಲಿ ಒಂದೇ ಸಮನಾಗಿ ಲೂಪ್ ಉಳಿದರೆ ಆಗ ನನ್ನ ಅಭಿಪ್ರಾಯವನ್ನು ಬದಲಿಸಿಕೊಳ್ಳಲು ಸಿದ್ಧನಿದ್ದೇನೆ. ಆ ಹಂತದಲ್ಲಿ ಕೇಳಬೇಕಾದದ್ದು ಸಿಂಕ್ರೊಟ್ರಾನ್‌ನಲ್ಲಿ ಎಕ್ಸ್-ಕಿರಣ ಕಾಂತೀಯ ದ್ವಿವರ್ಣತೆಯ ಮಾಪನ. ಸುಮಾರು 640 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಮ್ಯಾಂಗನೀಸನ್ನೂ 710ರ ಬಳಿ ಕಬ್ಬಿಣವನ್ನೂ ಬೇರೆಬೇರೆಯಾಗಿ ಪ್ರಶ್ನಿಸಬಲ್ಲ ವಿಧಾನವದು, ಯಾವ ಧಾತು ಲೂಪನ್ನು ಹಿಂಬಾಲಿಸುತ್ತದೋ ಲೂಪ್ ಅದರದ್ದು. ಆದರೆ ಪರಮಾಣುವಿಗೆ 0.001 ಬೋರ್ ಮ್ಯಾಗ್ನೆಟಾನ್‌ನಷ್ಟು ಸಣ್ಣ ಸಂಕೇತ ಅಲ್ಲಿ ಕಾಣುವುದೇ ದುಸ್ಸಾಧ್ಯ, ಮತ್ತು ಸಾಮಾನ್ಯವಾಗಿ ಬಳಸುವ ಎಲೆಕ್ಟ್ರಾನ್ ಇಳುವರಿಯ ವಿಧಾನ ಮೇಲ್ಮೈಯ ಕೆಲವೇ ನ್ಯಾನೋಮೀಟರ್ ಆಳವನ್ನು ನೋಡುತ್ತದೆ. ಆದ್ದರಿಂದ ಕಿರಣ ಸಮಯಕ್ಕೆ ಅರ್ಜಿ ಹಾಕುವ ಮುನ್ನ ಶುದ್ಧ ಬ್ಯಾಚಿನಲ್ಲೇ ಈ ಸಂಕೇತವನ್ನು ಕನಿಷ್ಠ ಹತ್ತಿಪ್ಪತ್ತು ಪಟ್ಟಾದರೂ ಬೆಳೆಸಲು ಸಾಧ್ಯವೇ ಎಂದು ನೋಡಿಕೊಳ್ಳಿ.